ಎಷ್ಟು ಕೋಲು

ಗುಂಡು, ಶತ್ರು ಏನೂ ಇಲ್ಲದ ಆಟ ಬೇಕಿತ್ತು;
ಬರೀ ನಡೆಯುವುದು, ಬದುಕುಳಿಯುವುದು.
ಮೂರು ರಾತ್ರಿ ಹುಡುಕಿ, ಒಂದು ಗೆರೆ ಸಿಗ್ನಲಿನಲ್ಲಿ
ಇಳಿಸಿಕೊಂಡೆ ಕೆಂಪು ಗ್ರಹವೊಂದನ್ನು.

ಹೆಗಲ ಹಿಂದಿನಿಂದ ಐತಪ್ಪಮಾವ:
“ಇದು ನಮ್ಮ ಬಾಯಾರುಪದವು ಅಲ್ವಾ?”
ಮುರಕಲ್ಲು, ಗಾಳಿ. ಮುಳಿಹುಲ್ಲೂ ಇಲ್ಲ.
“ಆ ನೀಲಿ ಪಟ್ಟಿ ಯಾಕೆ ಸಣ್ಣ ಆಗ್ತಾ ಉಂಟು?”
ಉಸಿರು, ಮಾವ. ಮುಗೀತಾ ಬಂತು.

ನಲವತ್ತು ಸುರಂಗ ತೋಡಿದವರು
ತುಸು ಹೊತ್ತು ಸುಮ್ಮನಿದ್ದರು.
“ಮೇಣದಬತ್ತಿ ತಲೆ ತಗ್ಗಿಸಿದ ಮೇಲೆ
ನೀರಿನ ತಂಪು ಕೈಗೆ ತಾಗಿದರೂ
ತಿರುಗಿ ಬರ್ಬೇಕು, ಮಾರಾಯ.”

ನಾನು ತಿರುಗಲಿಲ್ಲ.
ದೂರದಲ್ಲೊಂದು ದೀಪ ಮಿನುಗುತ್ತಿತ್ತು, ಯಾರು ಇಟ್ಟದ್ದೋ.
ಹನ್ನೊಂದು ಹೆಜ್ಜೆ. ಪರದೆ ಕಪ್ಪಾಯಿತು,
ಕಪ್ಪಿನೊಳಗೆ ನಮ್ಮಿಬ್ಬರ ಮುಖ.

“ಎಷ್ಟು ಕೋಲು ಒಳಗೆ ಹೋಗಿದ್ದೆ?”
ಕೇಳುತ್ತ ನನ್ನ ಅಂಗೈ ತಿರುಗಿಸಿ ನೋಡಿದರು,
ಮಣ್ಣು ಹುಡುಕುವವರ ಹಾಗೆ.