ಐದನೆಯ ಮನೆ

ಬಾಕೋನ್ ಗುಡ್ಡದ ಹಿಂದೆ, ಕೈಬಿಟ್ಟ ಸುಣ್ಣಕಲ್ಲಿನ ಗಣಿ.
ದೆಜೋ ನನ್ನ ಗುರಿಹಲಗೆ ನೋಡುವುದಿಲ್ಲ,
ಬೂಟು ನೋಡುತ್ತಾನೆ.
ಮೂವತ್ತೊಂದು ವರ್ಷ ರೈಲಿನ ಹಳಿ ಬದಲಿಸಿದವನು.
"ಎಡಗಾಲು ಗೇಣು ಹಿಂದೆ. ಮಂಡಿ ಬಿಗಿಯಬೇಡ, ಇಲೋನ್ಕಾ.
ಬಂಡಿ ತಪ್ಪುವುದು ಮೇಲಲ್ಲ, ಕೆಳಗೆ."

ನಾನು ಔಷಧಿ ಅಂಗಡಿಯವಳು;
ಮದ್ದು ಅಳೆಯುವುದರಲ್ಲಿ ಗುಂಜಿಯಷ್ಟೂ ತಪ್ಪೆ.
ಕರಿಮದ್ದು, ಮೇಲೆ ಚಿಟಿಕೆ ರವೆ,
ಸೀಸದ ಗುಂಡು ಒತ್ತಿದರೆ
ಬಾಯಂಚಿನಲ್ಲಿ ಸುಲಿದು ಉಳಿಯುವ
ಗೊಂಬೆಯ ಬೆರಳಿನ ಉಂಗುರ.
ಆರು ಮನೆ. ಐದಕ್ಕೇ ತುಂಬುವುದು.
ಆದರೂ ಗುಂಡು ದಿನಾ ಎಡಕ್ಕೆ, ಕೆಳಕ್ಕೆ.
ಕನ್ನಡಕದವನನ್ನು ಬೈದೆ. ಗಾಳಿಯನ್ನೂ.

ಇವತ್ತು ಅವನೇ ತುಂಬಿಕೊಟ್ಟ.
ಸುತ್ತಿಗೆಯ ಸೀಳಿನಲ್ಲಿ ಹಿತ್ತಾಳೆಯ ಮಣಿ ಕೂರಿಸಿ
ಕುದುರೆ ಎಳೆದೆ. ಢಮ್.
ಬಿಳಿ ಹೊಗೆ, ಕೊಳೆತ ಮೊಟ್ಟೆಯ ನಾತ,
ಗುರಿ ಕಾಣದು, ಕೈಯೂ ಕಾಣದು.
ತಿಳಿಯಾಗುವ ತನಕ ಕಾದೆ. ಹೀಗೆ ನಾಲ್ಕು ಸಲ.
ಐದನೆಯದು
ಟಿಕ್.

ಅಷ್ಟೆ. ಹೊಗೆಯಿಲ್ಲ.
ಆ ಬರಿಯ ಬೆಳಕಿನಲ್ಲಿ ಕಂಡೆ:
ಬಾರದ ಸಿಡಿತಕ್ಕೆ ಮೊದಲೇ ಬೆಚ್ಚಿ
ನನ್ನ ನಳಿಗೆ ತಲೆ ತಗ್ಗಿಸಿತ್ತು,
ಮೇಷ್ಟರ ಕೈ ಏಳುವ ಮುನ್ನವೇ
ಕೆನ್ನೆ ಮುಚ್ಚಿಕೊಳ್ಳುವ ಹುಡುಗನಂತೆ.

ಎರಡು ಬೇಸಿಗೆ ಇದನ್ನು
ಮುಚ್ಚಿಟ್ಟು ಕಾಪಾಡಿತ್ತಲ್ಲ ಹೊಗೆ.

ದೆಜೋ ಥರ್ಮಾಸಿನಿಂದ ಚಹಾ ಬಗ್ಗಿಸಿದ.
ಕುಡಿದೆವು. ಆಮೇಲೆ ಬೆನ್ನು ತಿರುಗಿಸಿ
ಮತ್ತೆ ತುಂಬಿ ಕೊಟ್ಟ.
"ಈ ಸಲ ಯಾವುದಕ್ಕೆ ಕ್ಯಾಪಿಲ್ಲ?" ಎಂದೆ.
ಅವನು ನನ್ನ ಬೂಟು ನೋಡಿದ.