ಗಾರೆ ಆರುವ ತನಕ

ಮನೆ ಕಟ್ಟಿ ನೋಡು ಎಂದರು ಹಿರಿಯರು.
ಬೇರೆ ಯಾರೋ ಕಟ್ಟಿ ಬಿಟ್ಟುಹೋದದ್ದನ್ನು
ಕೆಡವದೆ ಉಳಿಸಿ ನೋಡು ಅಂತ
ಒಬ್ಬರೂ ಹೇಳಿರಲಿಲ್ಲ.

ಕಾರ್ನ್‌ವಾಲ್. ರೆಡ್ರೂತ್‌ನಿಂದ ಮೂರು ಮೈಲಿ.
ಕಡಲ ಗಾಳಿಗೆ ಒಂದೇ ಕಡೆ ತಲೆ ಬಾಚಿಕೊಂಡ ಮರಗಳು.
ಕೆಳಗೆ ಕಲ್ಲು, ಮೇಲೆ ಮಣ್ಣು:
ಇನ್ನೂರು ವರ್ಷದ ಹಿಂದೆ ಹುಲ್ಲು ಬೆರೆಸಿ
ಕಾಲಲ್ಲಿ ತುಳಿದು ಎಬ್ಬಿಸಿದ ಗೋಡೆ.
ಅದರ ಮೇಲೆ ಮೊನ್ನೆ ಮೊನ್ನೆಯ ಸಿಮೆಂಟು,
ಸಿಮೆಂಟಿನ ಮೇಲೆ ಹೂವಿನ ವಾಲ್‌ಪೇಪರು,
ಹೂವಿನ ಮೇಲೆ ಬೂಷ್ಟು.
ಏಜೆಂಟ್ ಹುಡುಗಿ ಇದನ್ನು ಹಳೆಯ ಕಾಲದ ಸೊಬಗು ಎಂದಳು.
ಮುನಿಕೃಷ್ಣ ಸಾಲದ ಕಂತು ಎಣಿಸುತ್ತಾ
ಮೂಗು ಮುಚ್ಚಿಕೊಂಡ.

ಡೆನ್ಜಿಲ್ ನ್ಯಾನ್ಸ್ ಬಂದ. ಎಪ್ಪತ್ತೊಂದು ವರ್ಷ.
ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದ,
ಹಲಸು ಕೊಳ್ಳುವವರ ಹಾಗೆ.
'ಉಸಿರು ಕಟ್ಟಿದೆ. ಸಿಮೆಂಟೆಲ್ಲ ಕಿತ್ತುಹಾಕಿ.
ಮಣ್ಣಿನ ಮನೆಗೆ ಬೇಕಾದ್ದು
ಒಳ್ಳೆ ಟೋಪಿ, ಒಳ್ಳೆ ಬೂಟು.
ನಡುವೆ ಸುಣ್ಣ, ಮರಳು.'
'ಗಾರೆ' ಅಂದೆ.
'ಗಾರಿ?'
'ಗಾರೆ.'
ಹೇಳಿ ನೋಡಿದ ಎರಡು ಸಲ,
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.

ಏಳು ವಾರ ಕಿತ್ತೆವು.
ಒಲೆಯ ಗೂಡಿನ ಹಿಂದೆ ಸಿಕ್ಕಿತು
ಮಗುವಿನ ಒಂಟಿ ಬೂಟು, ಅಂಗೈಯಷ್ಟು,
ಹಪ್ಪಳದ ಹಾಗೆ ಒಣಗಿದ ತೊಗಲು.
'ಇದ್ದಲ್ಲೇ ಇಟ್ಟುಬಿಡಿ' ಎಂದ ಡೆನ್ಜಿಲ್.
ಯಾಕೆಂದು ನಾನು ಕೇಳಲಿಲ್ಲ.
ದೃಷ್ಟಿಗೆ ಭಾಷೆ ಬೇಕಿಲ್ಲ.

ನಮ್ಮ ತಾತ ಚೌಡಪ್ಪ
ಕೋಲಾರದ ಗಣಿಯಲ್ಲಿ ಕೆಲಸಕ್ಕಿದ್ದವನು.
ಮೇಲಿನವನು ಈ ಸೀಮೆಯಿಂದಲೇ ಬಂದವನಂತೆ,
ಕ್ಯಾಪ್ಟನ್ ಅನ್ನಬೇಕಿತ್ತಂತೆ,
ಹಡಗಿಲ್ಲದ ಕ್ಯಾಪ್ಟನ್.
ಬೇಸಿಗೆಗೊಮ್ಮೆ ಅವನ ಬಂಗಲೆಗೆ ಸುಣ್ಣ ಬಳಿಯಲು
ತಾತನನ್ನೇ ಕಳಿಸುತ್ತಿದ್ದರು.
ಒಳಗೆ ಏನೇನಿತ್ತು ತಾತ, ಅಂತ ಕೇಳಿದರೆ
'ಹೊರಗೆ ಬೆಳ್ಳಗಿತ್ತು' ಅನ್ನುತ್ತಿದ್ದ.

ಡೆನ್ಜಿಲ್‌ಗೆ ಇದನ್ನು ಹೇಳಬೇಕೆಂದೇ
ಒಂದು ಮಧ್ಯಾಹ್ನ ಶುಂಠಿ ಜಜ್ಜಿ ಟೀ ಮಾಡಿದೆ.
ಅವನೇ ಮೊದಲು ಬಾಯಿಬಿಟ್ಟ:
ಮಗಳು ಲೊವೆನಾ, ಎರಡು ಮಕ್ಕಳು,
ಮಾವನ ಹೊಲದಲ್ಲಿ ಕ್ಯಾರವಾನ್ ಹಾಕಿಕೊಂಡಿದ್ದಾಳೆ.
ಈ ಕಡೆಯ ಮನೆಗಳು ಅವಳ ಕೈಗೆ ಎಟುಕುವುದಿಲ್ಲ.
ಸಿಟ್ಟಿರಲಿಲ್ಲ ಮಾತಲ್ಲಿ.
ಕರಣೆ ಮಾತ್ರ ಸ್ವಲ್ಪ ಹೊತ್ತು
ಗೋಡೆಯ ಮೇಲೇ ನಿಂತಿತು.
ತಾತನ ಕಥೆಯನ್ನು ನಾನು ಟೀ ಜೊತೆ ನುಂಗಿಕೊಂಡೆ.
ಸೇಡು ತೀರಿಸಿಕೊಂಡಂತೆ
ಕೇಳಿಸಿಬಿಟ್ಟರೆ?

ಅಂಗಡಿಯ ಸಾಲಿನಲ್ಲಿ ನಮ್ಮ ಬೆನ್ನಿಗೆ
ಯಾರೋ ಅಂದರು, ಎಮೆಟ್‌ಗಳು.
ಹಾಗೆಂದರೇನು, ಡೆನ್ಜಿಲ್?
ಅವನ ಕಿವಿ ಕೆಂಪಾಯಿತು.
ಹೊರಗಿನಿಂದ ಬಂದವರಿಗೆ ಹಾಗನ್ನುವುದುಂಟು,
ಹಳೇ ಮಾತು, ಅಂದು
ಬಾಗಿ, ಹೊಸಿಲ ಸಂದಿಯಲ್ಲಿ
ಸಕ್ಕರೆ ಹೊತ್ತು ಸಾಗಿದ್ದ ಸಾಲನ್ನು ತೋರಿಸಿದ.

ಇರುವೆ!
ನಕ್ಕುಬಿಟ್ಟೆ. ನಮ್ಮಲ್ಲಿ ಈ ಪದಕ್ಕೆ
ಇನ್ನೊಂದು ಅರ್ಥ ಇದೆ ಮಾರಾಯ:
ಇದ್ದೇನೆ. ಇರುತ್ತೇನೆ.
'ಯಾವ ಅರ್ಥವೆಂದು ತಿಳಿಯುವುದು ಹೇಗೆ?'
ಗೊತ್ತಿಲ್ಲ. ಬರೆದರೆ ಎರಡೂ ಒಂದೇ.
ಅವನು ನಗಲಿಲ್ಲ.
ಕರಣೆಯ ತುದಿಯಿಂದ ಹೊಸಿಲು ಕೆರೆದು
ಇರುವೆಗಳಿಗೆ ದಾರಿ ಬಿಟ್ಟು ಗಾರೆ ತುಂಬಿದ.

ಒಂದು ಇಂಚು ಆರಲು ಒಂದು ತಿಂಗಳು.
ಅವಸರ ಮಾಡಿದರೆ ಬಿರಿಯುತ್ತದೆ,
ಒದ್ದೆ ಗೋಣಿ ಹೊದಿಸಿ, ಎಂದು ಹೇಳಿ ಹೋದ.
ಬಿಲ್ಲು ಕೊಡಲಿಲ್ಲ, ಮತ್ತೆ ಬರುತ್ತಾನೆ.

ಈಗ ರಾತ್ರಿ. ಮನೆಯಿಡೀ ಗೋಣಿಯ ವಾಸನೆ.
ಮುನಿಕೃಷ್ಣ ನಿದ್ದೆಯಲ್ಲೂ ಕಂತು ಎಣಿಸುತ್ತಾನೆ.
ಕ್ಯಾರವಾನಿನ ತಗಡಿನ ಮೇಲೂ ಬೀಳುತ್ತಿರಬೇಕು
ಇದೇ ಮಳೆ.
ಬಾನಿಯಲ್ಲಿ ಸುಣ್ಣ ನೆನೆಯುತ್ತಿದೆ.
ಗೋಡೆ ಆರಲಿ.
ಬಳಿಯುವಾಗ ಒಳಗಡೆಯಿಂದ ಶುರು ಮಾಡೋಣ
ಅಂದಿದ್ದೇನೆ.