ಪ್ರಶ್ನೆ ಹದಿನಾಲ್ಕು

ಮಿರ್ಫಾದ ಬಸ್ ನಿಲ್ದಾಣ, ಬೆಳಗಿನ ಐದೂಕಾಲು.
ಕುತ್ತಿಗೆಗೆ ಕಾರ್ಡು ತೂಗಿಸಿಕೊಂಡು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು
ಬಂದವರನ್ನೆಲ್ಲ ಕೇಳುತ್ತೇನೆ:
ಒಂದು ತಾಸು ಉಳಿಸಿಕೊಟ್ಟರೆ ಎಷ್ಟು ಕೊಡುತ್ತೀರಿ?

ರೈಲು ಇನ್ನೂ ಇಲ್ಲ.
ಬಂದರೆ ಅಬುಧಾಬಿಗೆ ಮೂವತ್ತೆಂಟು ನಿಮಿಷ.
ಸದ್ಯಕ್ಕೆ ಅದೊಂದು ಹಸಿರು ಗೆರೆ,
ಸಬ್ಖಾದ ಉಪ್ಪುನೆಲದ ನಕ್ಷೆಯ ಮೇಲೆ
ಯಾರೋ ಸ್ಕೇಲಿಟ್ಟು ಎಳೆದದ್ದು.
ಎಷ್ಟು ಸಾವಿರ ಕೋಟಿ ಅಂತ ನನಗೆ ಹೇಳಿಲ್ಲ.
ಒಂದು ಫಾರಮ್ಮಿಗೆ ಮೂರು ದಿರ್ಹಂ, ಅಷ್ಟು ಹೇಳಿದ್ದಾರೆ.

ನರ್ಸ್ ಮಾರಿಸೆಲ್ ಯೋಚಿಸಲೇ ಇಲ್ಲ.
'ನಲವತ್ತು. ಬೇಕಾದರೆ ಐವತ್ತು.
ಡ್ಯೂಟಿ ಬಿಟ್ಟು ನಾಲ್ಕಕ್ಕೆ ರೂಮು ಸೇರಿದರೆ
ಅಲ್ಲಿ ಎಂಟು ಗಂಟೆ, ಮಗಳಿನ್ನೂ ಎದ್ದಿರುತ್ತಾಳೆ.
ಈಗ ನಾನು ನೋಡುವುದು
ಹೊದಿಕೆಯ ಹೊರಗಿರುವ ಒಂದು ಪಾದ.'

ಗುಲ್ ಝಮಾನ್ ತನ್ನ ಹದಿನಾಲ್ಕು ಸೀಟಿನ ವ್ಯಾನಿಗೆ ಒರಗಿ ನಕ್ಕ.
'ನಾನು ಮಾರುವುದೇ ಆ ತಾಸನ್ನು, ಬೀಬಿ.
ಅದನ್ನೇ ಕೊಂಡುಕೋ ಅಂದರೆ ಹೇಗೆ?'

ಹೆದ್ದಾರಿ ಪಕ್ಕದ ಕೆಫೆಟೇರಿಯಾದ ಪುತ್ತುಮೋನು
ಕರಕ್ ಚಾ ಎತ್ತಿ ಸುರಿಯುತ್ತಲೇ ಲೆಕ್ಕ ಹಾಕಿದ:
'ಮುನ್ನೂರೈವತ್ತರಲ್ಲಿ ಹೋಗುವವ
ಚಾಕ್ಕೆ ನಿಲ್ತಾನಾ ಮಾರಾಯ್ರೇ?
ಕಟ್ಟುವ ನಾಲ್ಕು ವರ್ಷ ನನಗೆ ಪೆರ್ನಾಲು.
ಓಡುವ ನಲವತ್ತು ವರ್ಷ ಉಪವಾಸ, ಮಗ್ರಿಬ್ ಬಾಂಗೇ ಇಲ್ಲದ್ದು.'
ಚಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಮುಬಾರಕ್ ಬಿನ್ ಖಲ್ಫಾನರು ಕೋಲೂರಿ ಬಂದು ಕೂತರು.
ಅವರಪ್ಪ ಒಂಟೆಯ ಮೇಲೆ ಐದು ದಿನ ಹೋಗುತ್ತಿದ್ದರಂತೆ.
ಇವರು ಕಾರಲ್ಲಿ ಒಂದೂವರೆ ತಾಸು.
'ಉಳಿದ ದಿನಗಳನ್ನೆಲ್ಲ ಎಲ್ಲಿಟ್ಟೆವೋ,
ನಿನ್ನ ಫಾರಮ್ಮಿನಲ್ಲಿ ಅದಕ್ಕೊಂದು ಕಾಲಂ ಇದೆಯಾ?'
ಇಲ್ಲ ಅಂದೆ.
ಒಂಟೆಗಳು ಹಳಿ ದಾಟುವುದೆಲ್ಲಿ ಅಂದರು. ಅದೂ ಗೊತ್ತಿಲ್ಲ ಅಂದೆ.
ಏಳುವಾಗ ತಿರುಗಿ, 'ಟಿಕೆಟ್ ಶುರುವಾದರೆ ಹೇಳು, ಮಗಳೇ.
ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದೆ.'

ನಮ್ಮ ಕಡೆ ಕಾಲಕ್ಕೆ ಹೊತ್ತು ಅನ್ನುತ್ತೇವೆ.
ತಲೆಯ ಮೇಲೆ ಹೊರೆ ಹೊತ್ತು ಬಂದವನಿಗೂ ಅದೇ ಶಬ್ದ.
ಇಷ್ಟು ವರ್ಷ ಅದನ್ನು ಗಮನಿಸಿರಲಿಲ್ಲ,
ಹೆಲ್ಮೆಟ್ಟು ಬಗಲಲ್ಲಿಟ್ಟುಕೊಂಡು
ತಿಲಬಹಾದುರ್ ಎದುರು ನಿಲ್ಲುವವರೆಗೆ.

'ಕಂಪನಿ ಬಸ್ಸಲ್ಲಿ ಹೋಗಲು ಎರಡು ತಾಸು, ಬರಲು ಎರಡು.
ಅದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ದೀದಿ.
ಇಲ್ಲದ್ದನ್ನು ಉಳಿಸಿದರೆ ಏನು ಕೊಡಲಿ?'

ಖಾಲಿ ಬಿಟ್ಟರೆ ಟ್ಯಾಬ್ಲೆಟ್ ಮುಂದೆ ಹೋಗುವುದಿಲ್ಲ.
ತರಬೇತಿಯಲ್ಲಿ ಒಂದು ಕೋಷ್ಟಕ ತೋರಿಸಿದ್ದರು:
ಮ್ಯಾನೇಜರನ ತಾಸು ನೂರಿಪ್ಪತ್ತು ದಿರ್ಹಂ,
'ಇತರೆ' ಆರು.
ಆ ನೂರಿಪ್ಪತ್ತುಗಳನ್ನು ಕೂಡಿಸುತ್ತ ಹೋದರೆ
ಎಂದಾದರೊಂದು ದಿನ ರೈಲಿನ ಸಾಲ ತೀರುತ್ತದೆ.
ಆರುಗಳನ್ನು ಕೂಡಿಸಿದರೆ ತೀರುವುದಿಲ್ಲ.
ಹಾಗಾಗಿ ಅದು ಎಲ್ಲಿ ನಿಲ್ಲಬೇಕು ಅನ್ನುವುದೂ
ಆ ಕೋಷ್ಟಕಕ್ಕೇ ಗೊತ್ತು.

'ಏನಾದರೊಂದು ಅಂಕಿ ಹೇಳಿ' ಅಂದೆ.
'ನೀವೇ ಬರೆದುಕೊಳ್ಳಿ. ಕಂಪನಿಯೂ ಹಾಗೇ ಮಾಡುವುದು'
ಅಂದವನು ಬಸ್ಸು ಹತ್ತಿದ.
ಬಸ್ಸು ಹನ್ನೊಂದು ನಿಮಿಷ ತಡವಾಗಿ ಬಂದಿತ್ತು.

ಗಾಳಿ ಎದ್ದಿತು. ಪರದೆಯ ಮೇಲೆ ತೆಳ್ಳಗೆ ಮರಳು.
ಅಂಗೈಯಿಂದ ಒರೆಸಿದೆ.
ಕೈ ತಾಕಿ ತಾನೇ ಮೂಡಿತು: ೯೯೯.
ಖಚಿತವೇ? ಎಂದು ಕೇಳಿತು ಯಂತ್ರ.

ಮುಂದಿನವರನ್ನು ಕರೆದೆ.